‘80 ಪಂದ್ಯಗಳ ಅಮಾನತು’ ಎನ್ನಬಹುದೇ? ಬೇಸ್‌ಬಾಲ್‌ನ ಮದ್ದಿನ ಶಿಕ್ಷೆಗೆ ಕನ್ನಡದ ಪದಗಳು

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಉದ್ದೀಪನ ಮದ್ದಿನ ಕಾರಣಕ್ಕೆ ಆಟಗಾರರಿಗೆ ಆಗುವ ಶಿಕ್ಷೆಯನ್ನು ಕುರಿತು ಇಲ್ಲಿನ ಕನ್ನಡ ಕೂಟದ ವಾರ್ಷಿಕ ಸಂಚಿಕೆಗೆ ಒಂದು ಲೇಖನ ಬರೆಯುತ್ತಿದ್ದೇನೆ. ವಿಷಯ ನನಗೆ ತಿಳಿದದ್ದೇ ಆದರೂ ನಾಲ್ಕೈದು ಪದಗಳು ಹೆಜ್ಜೆಹೆಜ್ಜೆಗೂ ಕಾಲು ಹಿಡಿದು ನಿಲ್ಲಿಸುತ್ತಿವೆ. ಅವುಗಳಲ್ಲಿ ಮುಖ್ಯವಾದದ್ದು ‘ಅಮಾನತು’. ಅದರ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಾಗಿದೆ.

ಲೇಖನದ ಮೊದಲ ಕರಡಿನಲ್ಲಿ ಹೀಗೊಂದು ವಾಕ್ಯವಿತ್ತು: “ಸ್ಯಾನ್ ಡಿಯೇಗೊ ಪ್ಯಾಡ್ರೆಸ್ ತಂಡದ ಫರ್ನಾಂಡೊ ಟಾಟಿಸ್ ಜೂನಿಯರ್ ಅವರನ್ನು 2022ರ ಆಗಸ್ಟ್ 12ರಂದು 80 ಪಂದ್ಯಗಳಿಗೆ ಅಮಾನತು ಮಾಡಲಾಯಿತು.” ಅದನ್ನು ಊರಿನಲ್ಲಿರುವ ನನ್ನ ತಂದೆಯವರಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಮಾನತು ಅಂದಮೇಲೆ ವಿಚಾರಣೆ ಇನ್ನೂ ಬಾಕಿ ಇದೆ ಅಂತಾಯ್ತಲ್ಲಮ್ಮಾ, ಅರ್ಧ ಸಂಬಳ ಕೊಡ್ತಿದಾರೋ ಇಲ್ವೋ?” ಎಂದು ಕೇಳಿದರು. ವಿಚಾರಣೆ ಮುಗಿದೇ ಈ ತೀರ್ಮಾನ ಬಂದಿದೆ, ಆ ಅವಧಿಗೆ ಸಂಬಳವೇ ಇಲ್ಲ ಎಂದೆ. “ಹಾಗಾದ್ರೆ ಅದು ಅಮಾನತಲ್ಲ, ಶಿಕ್ಷೆ. ಬೇರೆ ಪದ ಹಾಕು” ಎಂದರು.

ಅವರ ಮಾತಿನಲ್ಲಿ ಹುರುಳಿದೆ. ಅಮಾನತು ಎಂಬುದು ಅರಬ್ಬಿ ಮೂಲದಿಂದ ಬಂದ ಪದ. ನಂಬಿಕೆಯ ಮೇಲೆ ಒಬ್ಬರ ವಶದಲ್ಲಿ ಇಟ್ಟ ವಸ್ತು, ಠೇವಣಿ ಎಂಬುದು ಅದರ ಹಳೆಯ ಅರ್ಥ. ‘ನೌಕರನನ್ನು ಅಮಾನತಿನಲ್ಲಿಡಲಾಗಿದೆ’ ಎನ್ನುವಾಗ ಆ ಅರ್ಥದ ಎಳೆ ಇನ್ನೂ ಉಳಿದಿದೆ: ಅವನನ್ನು ಕೆಲಸದಿಂದ ತೆಗೆದೂ ಇಲ್ಲ, ಕೆಲಸದಲ್ಲಿ ಉಳಿಸಿಯೂ ಇಲ್ಲ, ತೀರ್ಮಾನವಾಗುವವರೆಗೆ ಎತ್ತಿಟ್ಟಿದ್ದಾರೆ. ನಮ್ಮ ಸೇವಾ ನಿಯಮಗಳಲ್ಲಿಯೂ ವಿಚಾರಣೆಯನ್ನು ಕಾಯ್ದಿರಿಸಿ ಮಾಡುವ ಅಮಾನತು ದಂಡನೆಗಳ ಪಟ್ಟಿಗೆ ಸೇರುವುದಿಲ್ಲ. ಮೊದಲಿಗೆ ಅರ್ಧ ಸಂಬಳದಷ್ಟು ಜೀವನಾಧಾರ ಭತ್ಯೆಯೂ ಸಿಗುತ್ತದೆ. ಬೇಸ್‌ಬಾಲ್‌ನಲ್ಲಿ ಕ್ರಮವೇ ತಿರುವುಮುರುವು. ಮೂತ್ರದ ಮಾದರಿಯಲ್ಲಿ ಮದ್ದು ಸಿಕ್ಕಿದರೂ ಮೇಲ್ಮನವಿ ತೀರ್ಮಾನವಾಗುವವರೆಗೆ ಸಾಮಾನ್ಯವಾಗಿ ಹೆಸರನ್ನು ಪ್ರಕಟಿಸುವುದಿಲ್ಲ, ಆಟಗಾರ ಆಡುತ್ತಲೇ ಇರುತ್ತಾನೆ. 2013ರ ಆಗಸ್ಟ್‌ನಲ್ಲಿ ಅಲೆಕ್ಸ್ ರಾಡ್ರಿಗೆಸ್ ಅವರಿಗೆ 211 ಪಂದ್ಯಗಳ ಶಿಕ್ಷೆ ಘೋಷಣೆಯಾದ ಮೇಲೂ ಅವರು ಮೇಲ್ಮನವಿ ಹಾಕಿ ಆ ಋತುವಿನ ಕೊನೆಯವರೆಗೆ ನ್ಯೂಯಾರ್ಕ್ ಯಾಂಕೀಸ್ ಪರ ಬ್ಯಾಟ್ ಬೀಸಿದರು. 2014ರ ಜನವರಿಯಲ್ಲಿ ಮಧ್ಯಸ್ಥಗಾರರು ಅದನ್ನು 162 ಪಂದ್ಯಗಳಿಗೆ, ಅಂದರೆ ಒಂದು ಪೂರ್ತಿ ಋತುವಿಗೆ ಇಳಿಸಿದ ಮೇಲೆಯೇ ಅವರು ಹೊರಗುಳಿದದ್ದು. ನಮ್ಮ ಅಮಾನತಿಗೆ ಹತ್ತಿರವಾದದ್ದು ಆ ಆಟದಲ್ಲಿ ಇಲ್ಲವೆಂದಲ್ಲ. ಸಂಬಳ ಕೊಡುತ್ತಲೇ ಆಟಗಾರನನ್ನು ದೂರವಿಡುವ ‘ಆಡಳಿತಾತ್ಮಕ ರಜೆ’ ಬೇರೆ ಬಗೆಯ ಆರೋಪಗಳಲ್ಲಿ ಬಳಕೆಯಲ್ಲಿದೆ. ಅಮಾನತು ಎಂಬ ಪದವನ್ನು ಮದ್ದಿನ ಶಿಕ್ಷೆಗೆ ಕೊಟ್ಟುಬಿಟ್ಟರೆ ಆ ಇನ್ನೊಂದಕ್ಕೆ ಏನನ್ನು ಉಳಿಸಿಕೊಳ್ಳುವುದು?

ಪತ್ರಿಕೆಗಳು ಅಮಾನತು, ನಿಷೇಧ ಎರಡನ್ನೂ ಅದಲುಬದಲಾಗಿ ಬಳಸುತ್ತವೆ. 2019ರಲ್ಲಿ ಕ್ರಿಕೆಟಿಗ ಪೃಥ್ವಿ ಶಾ ಅವರನ್ನು ಕೆಮ್ಮಿನ ಔಷಧದಲ್ಲಿರುವ ಟರ್ಬ್ಯುಟಲೀನ್ ಕಾರಣಕ್ಕೆ ಎಂಟು ತಿಂಗಳು ಹೊರಗಿಟ್ಟಾಗಲೂ ಎರಡೂ ಪದಗಳನ್ನು ಓದಿದ ನೆನಪಿದೆ. ನಿಷೇಧ ಎಂಬುದರಲ್ಲಿ ನನಗೆ ಕಾಣುವ ತೊಡಕು ಬೇರೆ. ಅದು ಮದ್ದಿಗೂ ಅಂಟುತ್ತದೆ, ಮನುಷ್ಯನಿಗೂ ಅಂಟುತ್ತದೆ. ‘ನಿಷೇಧಿತ ಮದ್ದು ಸೇವಿಸಿ ನಿಷೇಧಕ್ಕೊಳಗಾದ ಆಟಗಾರನ ನಿಷೇಧದ ಅವಧಿ’ ಎಂದು ನಾನೇ ಬರೆದು, ಓದಿ, ಹೊಡೆದುಹಾಕಿದೆ.

ನಾನು ಯೋಚಿಸಿರುವ ಪದ ‘ಆಟತಡೆ’. ‘ವೇತನ ಬಡ್ತಿ ತಡೆ’ ಎಂಬುದು ಕಚೇರಿ ಕನ್ನಡದಲ್ಲಿ ದಂಡನೆಯ ಹೆಸರಾಗಿಯೇ ಬೇರೂರಿರುವುದರಿಂದ ತಡೆ ಎಂಬುದಕ್ಕೆ ಶಿಕ್ಷೆಯ ಅರ್ಥವನ್ನು ಹೊಸದಾಗಿ ಕಟ್ಟಬೇಕಾಗಿಲ್ಲ. ಎಣಿಕೆಗೂ ಅದು ಒಗ್ಗುತ್ತದೆ. ಇಲ್ಲಿ ಶಿಕ್ಷೆಯನ್ನು ಅಳೆಯುವುದು ಪಂದ್ಯಗಳಿಂದ. ಟಾಟಿಸ್ ಅವರ 80 ಪಂದ್ಯಗಳನ್ನು ಎಣಿಸಿದ ಬಗೆ ನೋಡಿ: 2022ರ ಋತುವಿನಲ್ಲಿ ಉಳಿದಿದ್ದ 48, ಬಳಿಕ ಅವರ ತಂಡ ನಾಕೌಟ್ ಹಂತದಲ್ಲಿ ಆಡಿದ 12, ಮುಂದಿನ ಋತುವಿನ ಮೊದಲ 20. ಅವರು ಮರಳಿ ಕಣಕ್ಕಿಳಿದದ್ದು 2023ರ ಏಪ್ರಿಲ್ 20ರಂದು, ತಂಡದ 21ನೆಯ ಪಂದ್ಯದಲ್ಲಿ. ತಂಡ ನಾಕೌಟ್ ಹಂತಕ್ಕೆ ಏರದೇ ಹೋಗಿದ್ದರೆ ಅವರ ಶಿಕ್ಷೆ ಇನ್ನೂ 12 ಪಂದ್ಯ ಮುಂದಕ್ಕೆ ಎಳೆಯುತ್ತಿತ್ತು. ‘80 ಪಂದ್ಯಗಳ ಆಟತಡೆ’ ಎಂದಾಗ ಈ ಲೆಕ್ಕ ಓದುಗರಿಗೆ ಸಲೀಸಾಗಿ ಹೊಳೆಯುತ್ತದೆ ಎಂದು ನನ್ನ ಅನಿಸಿಕೆ. ‘ತಡೆಯಾಜ್ಞೆ’ಯ ತಾತ್ಕಾಲಿಕತೆ ಇದಕ್ಕೂ ಅಂಟಿಕೊಂಡೀತೇ ಎಂಬ ಅಳುಕು ಮಾತ್ರ ಉಳಿದಿದೆ.

ಎರಡನೆಯದು ‘ಉದ್ದೀಪನ ಮದ್ದು’. ಇದು ಪತ್ರಿಕೆಗಳಲ್ಲಿ ಎಷ್ಟು ಗಟ್ಟಿಯಾಗಿ ನಿಂತಿದೆಯೆಂದರೆ ಅಲುಗಿಸುವ ಆಸೆ ನನಗಿಲ್ಲ. ಆದರೆ ಅದು ಹೇಳುವುದೇನು ಎಂಬುದನ್ನು ಬಿಡಿಸಿ ನೋಡಬೇಕಾಗಿದೆ. ಕಾವ್ಯಮೀಮಾಂಸೆ ಓದಿದವರಿಗೆ ಉದ್ದೀಪನ ವಿಭಾವ ಗೊತ್ತು: ಬೆಳದಿಂಗಳು, ತಂಗಾಳಿ, ಕೋಗಿಲೆಯ ದನಿ ಭಾವವನ್ನು ಹುಟ್ಟಿಸುವುದಿಲ್ಲ, ಇರುವ ಭಾವವನ್ನು ಕೆರಳಿಸುತ್ತವೆ. ಹೀಗೆ ಇದ್ದದ್ದನ್ನು ಹೊತ್ತಿಸುವ ಮದ್ದು ಬೇಸ್‌ಬಾಲ್‌ನಲ್ಲಿ ನಿಜಕ್ಕೂ ಉಂಟು. ಅದು ಆಂಫೆಟಮೀನ್, ಆಟಗಾರರ ಕೋಣೆಯ ಮಾತಿನಲ್ಲಿ ‘ಗ್ರೀನೀಸ್’. ದಣಿದ ಮೈಯನ್ನು ಎಚ್ಚರವಾಗಿಡುವ ಈ ಮಾತ್ರೆಗಳ ಮೇಲೆ ಪರೀಕ್ಷೆ ಬಂದದ್ದು 2006ರಿಂದ, ಅದಕ್ಕೆ ಶಿಕ್ಷೆಯೂ ಬೇರೆಯೇ. 2014ರ ಸೆಪ್ಟೆಂಬರ್‌ನಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಕ್ರಿಸ್ ಡೇವಿಸ್ ಅವರಿಗೆ ಆಂಫೆಟಮೀನ್ ಕಾರಣಕ್ಕೆ ಆದದ್ದು 25 ಪಂದ್ಯ. ಅದೇ ವರ್ಷ ಸ್ಟೆರಾಯ್ಡ್‌ಗೆ ಮೊದಲ ಸಲದ ಶಿಕ್ಷೆಯನ್ನು 50ರಿಂದ 80 ಪಂದ್ಯಕ್ಕೆ ಏರಿಸಲಾಗಿತ್ತು. ಸ್ಟೆರಾಯ್ಡ್ ಕೆರಳಿಸುವುದಿಲ್ಲ, ಸ್ನಾಯುವನ್ನು ಕಟ್ಟುತ್ತದೆ. ಇನ್ನು 2018ರಲ್ಲಿ ಸಿಯಾಟಲ್ ಮ್ಯಾರಿನರ್ಸ್ ತಂಡದ ರಾಬಿನ್ಸನ್ ಕನೊ ಅವರಿಗೆ 80 ಪಂದ್ಯಗಳ ಶಿಕ್ಷೆ ತಂದ ಫ್ಯೂರೋಸೆಮೈಡ್, ಕೈಕಾಲು ಊದಿಕೊಂಡವರಿಗೆ ವೈದ್ಯರು ಬರೆದುಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆ. ಅದು ಕೆರಳಿಸುವುದೂ ಇಲ್ಲ, ಕಟ್ಟುವುದೂ ಇಲ್ಲ, ಬೇರೆ ಮದ್ದಿನ ಕುರುಹನ್ನು ಮರೆಮಾಚಬಲ್ಲದು, ಅಷ್ಟೆ. ಹಾಗಾಗಿ ಒಟ್ಟು ಗುಂಪಿಗೆ ಉದ್ದೀಪನ ಮದ್ದು ಎಂಬುದನ್ನೇ ಇಟ್ಟುಕೊಂಡು, ಒಳಗಿನ ಬಗೆಗಳಿಗೆ ಕೆರಳುಮದ್ದು, ಕಸುವುಮದ್ದು, ಮರೆಮದ್ದು ಎಂದು ಹೆಸರಿಟ್ಟಿದ್ದೇನೆ. ‘ಶಕ್ತಿವರ್ಧಕ’ವನ್ನು ಬೇಕೆಂದೇ ಬಿಟ್ಟೆ, ಆ ಪದ ಟಾನಿಕ್ಕುಗಳ ಜಾಹೀರಾತಿನಲ್ಲಿ ಒಳ್ಳೆಯ ಹೆಸರು ಸಂಪಾದಿಸಿಕೊಂಡಿದೆ.

‘ಸೇವನೆ’ಯೂ ತೊಂದರೆ ಕೊಡುತ್ತಿದೆ. ಟಾಟಿಸ್ ಅವರ ಮಾದರಿಯಲ್ಲಿ ಸಿಕ್ಕಿದ್ದು ಕ್ಲಾಸ್ಟೆಬಾಲ್ ಎಂಬ ಸ್ಟೆರಾಯ್ಡ್. ಹುಳುಕಡ್ಡಿಗೆಂದು ಬಳಸಿದ ಔಷಧದಲ್ಲಿ ಅದಿತ್ತು, ನೋಡದೆ ಬಳಸಿದೆ ಎಂದು ಅವರು ಹೇಳಿಕೆ ಕೊಟ್ಟರು. ಮೊದಲು ಹಾಕಿದ್ದ ಮೇಲ್ಮನವಿಯನ್ನು ಕೈಬಿಟ್ಟು ಶಿಕ್ಷೆಯನ್ನು ಒಪ್ಪಿಕೊಂಡರು. ಕ್ಲಾಸ್ಟೆಬಾಲ್ ಕೆಲವು ದೇಶಗಳಲ್ಲಿ ಚರ್ಮಕ್ಕೆ ಹಚ್ಚುವ ಮುಲಾಮಿನಲ್ಲಿ ಬರುತ್ತದೆ. ಹಚ್ಚಿಕೊಂಡದ್ದನ್ನು ಸೇವನೆ ಎನ್ನಬಹುದೇ? ಹಲವು ಸ್ಟೆರಾಯ್ಡ್‌ಗಳನ್ನು ಚುಚ್ಚಿಸಿಕೊಳ್ಳುತ್ತಾರೆ, ಅದು ಸೇವನೆಯೇ? ‘ವಾಯುಸೇವನೆ’ ನಮ್ಮಲ್ಲಿರುವುದರಿಂದ ಬಾಯಿಯೇ ಆಗಬೇಕೆಂದಿಲ್ಲ, ನಿಜ. ಆದರೆ ಸೇವಿಸು ಎಂಬುದರಲ್ಲಿ ತಿಳಿದು ಮಾಡಿದ ಭಾವವಿದೆ. ನಿಯಮ ಮೊದಲು ಕೇಳುವುದಾದರೋ ಮೈಯೊಳಗೆ ಏನಿತ್ತು ಎಂಬುದನ್ನೇ ಹೊರತು ಹೇಗೆ ಬಂತು ಎಂಬುದನ್ನಲ್ಲ. ಹಳ್ಳಿಯ ಕಡೆ ‘ಅವನಿಗೆ ಯಾರೋ ಮದ್ದು ಹಾಕಿದಾರೆ’ ಎನ್ನುವಾಗ ಉಂಡವನು ಏನೂ ಅರಿಯದವನು, ತಪ್ಪು ಹಾಕಿದವರದು. ಬೇಸ್‌ಬಾಲ್‌ನ ನಿಯಮ ಆ ನೆಪವನ್ನು ಸುಲಭಕ್ಕೆ ಒಪ್ಪುವುದಿಲ್ಲ. ಅದಕ್ಕಾಗಿ ನಾನು ‘ಮದ್ದು ಪತ್ತೆಯಾಗಿ’ ಎಂದಷ್ಟೇ ಬರೆಯುತ್ತಿದ್ದೇನೆ. ತಪ್ಪೊಪ್ಪಿಕೊಂಡವರ ವಿಷಯದಲ್ಲಿ ಮಾತ್ರ ಸೇವನೆ.

‘ಆಜೀವ ನಿಷೇಧ’ದ ಬಗ್ಗೆ ಒಂದೇ ಮಾತು. ಮೂರನೆಯ ಸಲ ಸಿಕ್ಕಿಬಿದ್ದ ನ್ಯೂಯಾರ್ಕ್ ಮೆಟ್ಸ್ ತಂಡದ ಹೆನ್ರಿ ಮೆಹಿಯಾ 2016ರಲ್ಲಿ ಉದ್ದೀಪನ ಮದ್ದಿಗಾಗಿ ಈ ಶಿಕ್ಷೆಗೆ ಒಳಗಾದ ಮೊದಲಿಗರು. 2018ರಲ್ಲಿ ಅವರಿಗೆ ಮರಳಲು ಷರತ್ತಿನ ಅನುಮತಿ ಸಿಕ್ಕಿತು. ಹೀಗೆ ಅರ್ಜಿ ಹಾಕಿ ಬಿಡಿಸಿಕೊಳ್ಳಬಹುದಾದದ್ದನ್ನು ಆಜೀವ ಎನ್ನಲು ಮನಸ್ಸು ಬಾರದೆ ‘ಕಾಯಂ ಆಟತಡೆ’ ಎಂದಿದ್ದೇನೆ.

ಕಡೆಯದಾಗಿ, ‘ಫೇರ್’ ಎಂಬುದಕ್ಕೆ ಏನೆನ್ನಬೇಕು? ನ್ಯಾಯ ಎಂದರೆ ಕೋರ್ಟು ಕಣ್ಣಮುಂದೆ ಬರುತ್ತದೆ, ಸಮಾನತೆ ಎಂದರೆ ಸಂವಿಧಾನ. ನನ್ನ ಮನಸ್ಸು ‘ನಿಯತ್ತು’ ಎಂಬುದರ ಕಡೆ ವಾಲುತ್ತಿದೆ, ಆದರೆ ಅದೊಂದೇ ಸಾಲದು. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನ ಮೆಲ್ಕಿ ಕಬ್ರೇರಾ .346ರ ಸರಾಸರಿಯಲ್ಲಿ (ಅಂದರೆ ಲೆಕ್ಕಕ್ಕೆ ಬರುವ ಪ್ರತಿ ಸಾವಿರ ಸರದಿಗೆ 346 ಯಶಸ್ವಿ ಹೊಡೆತ) ಬ್ಯಾಟ್ ಮಾಡುತ್ತಿದ್ದಾಗ 50 ಪಂದ್ಯಗಳ ಶಿಕ್ಷೆಗೆ ಒಳಗಾದರು. ಆಗಿನ ನಿಯಮದ ಪ್ರಕಾರ ಬ್ಯಾಟಿಂಗ್ ಕಿರೀಟ (ಲೀಗಿನಲ್ಲಿ ಆ ವರ್ಷದ ಅತಿ ಹೆಚ್ಚು ಸರಾಸರಿಗೆ ಸಲ್ಲುವ ಗೌರವ) ಆಮೇಲೂ ಅವರ ಪಾಲಿಗೇ ಬರುವ ಸಾಧ್ಯತೆ ಇತ್ತು. ತನಗೆ ಅದು ಬೇಡ, ತನ್ನನ್ನು ಅನರ್ಹಗೊಳಿಸಿ ಎಂದು ಅವರೇ ಕೇಳಿಕೊಂಡರು, ಕಿರೀಟ .336ರ ಸರಾಸರಿಯಿದ್ದ ಅವರದೇ ತಂಡದ ಬಸ್ಟರ್ ಪೋಸಿ ಅವರಿಗೆ ಹೋಯಿತು. ಇದನ್ನು ಬರೆಯುವಾಗ ನನಗೆ ಎರಡು ಪದಗಳು ಬೇಕಾದವು. ಮದ್ದು ಪಡೆದಾಗ ಕಬ್ರೇರಾ ಕಳೆದುಕೊಂಡದ್ದು ನಿಯತ್ತು, ಅದು ಆಡುವವನ ಒಳಗಿನದು. ಪೋಸಿಗೆ ಸಲ್ಲಬೇಕಾದದ್ದು ಸಂದದ್ದು ನ್ಯಾಯ, ಅದು ಎದುರಿನವನ ಪಾಲಿನದು. ಇಂಗ್ಲಿಷಿನವರು ಎರಡನ್ನೂ ಒಂದೇ ಪದದಲ್ಲಿ ಹಿಡಿಯುತ್ತಾರೆ. ನಮ್ಮಲ್ಲಿ ಕೆಟ್ಟದ್ದಕ್ಕೆ ‘ಕಳ್ಳಾಟ’ ಎಂಬ ಒಂದೇ ಪದ ಎರಡನ್ನೂ ಹೇಳಿಬಿಡುತ್ತದೆ, ಆಡಿದವನ ಕಳ್ಳತನವನ್ನೂ ಸೋತವನ ನಷ್ಟವನ್ನೂ. ಕಳ್ಳಾಟಕ್ಕೆ ಎದುರುಪದವಾಗಿ ನಿಮ್ಮ ಊರಿನ ಮಕ್ಕಳು ಗೋಲಿ, ಚಿಣ್ಣಿದಾಂಡು, ಕುಂಟೆಬಿಲ್ಲೆಯ ಆಟಗಳಲ್ಲಿ ಏನು ಹೇಳುತ್ತಿದ್ದರು? ಕರಾವಳಿ, ಬಯಲುಸೀಮೆ, ಧಾರವಾಡದ ಕಡೆಯ ಬಳಕೆಗಳನ್ನು ವಾಕ್ಯದೊಡನೆ ಬರೆದು ತಿಳಿಸಿದರೆ ಬಹಳ ಉಪಕಾರವಾಗುತ್ತದೆ. ಜೊತೆಗೆ, ಆಟತಡೆಯಲ್ಲಿ ದೋಷ ಕಂಡವರು ಸಂಕೋಚಪಡದೆ ಹೇಳಬೇಕು. ಸಂಚಿಕೆ ಇನ್ನೂ ಅಚ್ಚಿಗೆ ಹೋಗಿಲ್ಲ.