ಅಪ್‌ಡೇಟ್: ಜೋನಿ ಬೆಲ್ಲದ ಡ್ರಮ್‌ಗಳು ಕುಂದಾಪುರ ಸೇರಿದವು

ಶಿವಮೊಗ್ಗದಿಂದ ಕುಂದಾಪುರಕ್ಕೆ ಲಾರಿಯಲ್ಲಿ ಜೋನಿ ಬೆಲ್ಲದ (ದ್ರವ ರೂಪದ ಬೆಲ್ಲ) 200 ಲೀಟರ್ ಡ್ರಮ್ ಕಳಿಸಬೇಕು, ಘಾಟಿಯಲ್ಲಿ ಉರುಳದ ಹಾಗೆ ಹೇಗೆ ಕಟ್ಟೋದು ಅಂತ ಕೇಳಿದ್ದೆ. ಹುಲಿಕಲ್ ಘಾಟಿ ಇಳಿದು ಎಲ್ಲವೂ ನಿಂತ ಹಾಗೇ ತಲುಪಿದವು. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಜೋನಿ ಬೆಲ್ಲ ನೀರಿಗಿಂತ ಭಾರ. ತುಂಬಿದ ಡ್ರಮ್ ಒಂದೊಂದೂ ಕಾಲು ಟನ್‌ಗಿಂತ ಜಾಸ್ತಿ ತೂಗುತ್ತದೆ. ಜೋರಾಗಿ ಬ್ರೇಕ್ ಹಾಕಿದರೆ ತನ್ನ ತೂಕದ 80% ಬಲದಲ್ಲಿ ಮುಂದಕ್ಕೆ ನುಗ್ಗಬಹುದು ಅಂತ ಲೆಕ್ಕ ಹಿಡಿದೇ ಕಟ್ಟಬೇಕಂತೆ. ತಿರುವಿನಲ್ಲಿ ಪಕ್ಕಕ್ಕೆ 50%. ಅದಕ್ಕೇ ಮೊದಲ ಸಾಲನ್ನು ಕ್ಯಾಬಿನ್ ಹಿಂದಿನ ಗೋಡೆಗೆ ಒತ್ತಿ ನಿಲ್ಲಿಸಿದೆವು. ಅದರ ನಂತರದ ಸಾಲಿನ ಡ್ರಮ್‌ಗಳು ಮೊದಲ ಸಾಲಿನ ಡ್ರಮ್‌ಗಳ ನಡುವಿನ ಸಂದಿಯಲ್ಲಿ ಕೂತವು. ಮುಚ್ಚಳ ಮೇಲಕ್ಕೆ, ಅಡಿಯಲ್ಲಿ ರಬ್ಬರ್ ಮ್ಯಾಟ್. ಉಳಿದ ಜಾಗಕ್ಕೆ ಮರದ ತುಂಡು ಬಡಿದೆವು.

ಡ್ರೈವರಣ್ಣ "ಹಗ್ಗ ಸಾಕು ಬಿಡಿ ಸಾರ್" ಅಂದರು. ನಾನು ಒಪ್ಪಲಿಲ್ಲ. ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ, ನಮ್ಮ ಮಳೆಯಲ್ಲಿ ಗಂಟು ಬೇರೆ ಸಡಿಲ ಆಗುತ್ತೆ ಅಲ್ವಾ? ಹಿಡಿ ಆಡಿಸಿ ಬಿಗಿಯುವ ರಾಚೆಟ್ ಬೆಲ್ಟ್ ತಂದೆವು. ಮೇಲಿಂದ ಬಿಗಿದದ್ದು ಸಾಲದು ಅಂತ ಕೊನೆಯ ಸಾಲಿನ ಹೊಟ್ಟೆಗೆ ಸುತ್ತಿ ಎರಡೂ ಕಡೆಯ ಕೊಂಡಿಗೆ ಎಳೆದು ಕಟ್ಟಿದೆವು. ಅಂಚು ತಾಗುವಲ್ಲಿ ಹಳೇ ಟೈರ್ ತುಂಡು.

ಹೊಸನಗರದಲ್ಲಿ ಟೀಗೆ ನಿಲ್ಲಿಸಿ ನೋಡಿದರೆ ಬೆಲ್ಟ್ ಸ್ವಲ್ಪ ಸಡಿಲ. ಘಾಟಿಗೆ ಮೊದಲು ಮತ್ತೆ ಬಿಗಿದೆವು. ಖಾಲಿ ಡ್ರಮ್ ವಾಪಸ್ ತರುವಾಗಲೂ ಬೆಲ್ಟ್ ಹಾಕಿಸಿದ್ದೇನೆ, ಹಗುರ ಇದ್ದರೆ ಇನ್ನೂ ಜಾಸ್ತಿ ಕುಣಿಯುತ್ತವೆ.