ಯೂಕಾನಿನ ಕಾಡಿಗೆ ಎರಡೇ ಕೋವಿ ಅಂದ್ರೆ ಯಾವುವು?

ಹೊಸಬ_ಯೂಕಾನ್:
ಕೆನಡಾದ ಯೂಕಾನ್ ಪ್ರದೇಶ, ವೈಟ್‌ಹಾರ್ಸ್ ಊರಿನಿಂದ ಉತ್ತರಕ್ಕೆ, ರಸ್ತೆ ಬಿಟ್ಟು ಬಹಳ ಒಳಗೆ ಮರದ ಕ್ಯಾಬಿನ್. ಇಬ್ಬರು, ವರ್ಷಪೂರ್ತಿ ವಾಸ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಸ್ನೋಮೊಬೈಲ್. ವರ್ಷಕ್ಕೊಂದು ಮೂಸ್ (ದೈತ್ಯ ಜಿಂಕೆ), ನಡುನಡುವೆ ಗ್ರೌಸ್ ಹಕ್ಕಿ, ಮೊಲ. ಕರಡಿ ಬಂದರೆ ರಕ್ಷಣೆ. ಪಿಎಎಲ್ (ಕೆನಡಾದ ಕೋವಿ ಲೈಸೆನ್ಸ್) ಇದೆ, ಯೂಕಾನ್ ನಿವಾಸಿಯಾಗಿ ಒಂದು ವರ್ಷ ದಾಟಿದ್ದರಿಂದ ಗೈಡ್ ಇಲ್ಲದೆ ಬೇಟೆಗೆ ಅರ್ಹತೆಯೂ ಇದೆ. ಎರಡೇ ಕೋವಿ ಇಡೋದು ಅಂತ ತೀರ್ಮಾನ: 12 ಬೋರಿನ ಪಂಪ್ (ಮುಂಭಾಗವನ್ನು ಹಿಂದೆ-ಮುಂದೆ ಎಳೆದು ತೋಟಾ ಏರಿಸುವ ಚರೆ ಕೋವಿ) ಒಂದು, .375 ಎಚ್ ಅಂಡ್ ಎಚ್ (ದೊಡ್ಡ ಪ್ರಾಣಿಗೆ ಬಳಸುವ ಭಾರೀ ತೋಟಾ) ರೈಫಲ್ ಒಂದು. ತಪ್ಪಿದ್ದರೆ ಮುಲಾಜಿಲ್ಲದೆ ಹೇಳಿ.

ತೋಟಾಪೆಟ್ಟಿಗೆ:
ಮುಲಾಜಿಲ್ಲದೆ ಅಂದ್ರಲ್ಲ, ಹೇಳ್ತೀನಿ. ಈ ಎರಡೂ ಕರಡಿಯನ್ನ ನೆನೆಸಿಕೊಂಡು ಆರಿಸಿದ ಕೋವಿಗಳು. ಹೊಟ್ಟೆಯನ್ನ ನೆನೆಸಿಕೊಂಡು ಆರಿಸಿಲ್ಲ. .375 ಅಂದ್ರೆ 300 ಗ್ರೇನ್ (ಸುಮಾರು 19 ಗ್ರಾಂ) ಗುಂಡು, ಸೆಕೆಂಡಿಗೆ ಸುಮಾರು 2,530 ಅಡಿ ವೇಗ, 4,200 ಅಡಿ-ಪೌಂಡ್ ಮೇಲೆ ಶಕ್ತಿ. .30-06ರಲ್ಲಿ 180 ಗ್ರೇನ್, 2,700 ಅಡಿ, 2,900 ಅಡಿ-ಪೌಂಡ್ ಆಸುಪಾಸು. ಮೂಸ್‌ನ ಎರಡೂ ಶ್ವಾಸಕೋಶ ದಾಟಿಸೋಕೆ ಎರಡನೆಯದೇ ಸಾಕು. ಹೆಗಲಿಗೆ ಬೀಳುವ ಒದೆತ ಮಾತ್ರ .375ರಲ್ಲಿ ಹತ್ತಿರಹತ್ತಿರ ಎರಡು ಪಟ್ಟು. ಒದೆತಕ್ಕೆ ಹೆದರಿ ಟ್ರಿಗರ್ ಜಗ್ಗುವ ಅಭ್ಯಾಸ ಒಂದ್ಸಲ ಅಂಟಿದ್ರೆ ಬಿಡಿಸೋದು ಕಷ್ಟ. ತೋಟಾ ದುಬಾರಿ ಅಂತ ಅಭ್ಯಾಸವೂ ಮಾಡಲ್ಲ. ಸಣ್ಣ ಊರಿನ ಅಂಗಡಿಯಲ್ಲಿ .30-06, .308, .303 ಸಿಗುತ್ತೆ. .375 ಸಿಕ್ಕರೆ ಅದೃಷ್ಟ.
ನನ್ನ ಜೋಡಿ: .30-06 ಬೋಲ್ಟ್ (ಪ್ರತಿ ಗುಂಡಿಗೂ ಚಿಲಕದ ಹಾಗೆ ಕೈಯಿಂದ ಎಳೆದು ತಳ್ಳೋ ರೈಫಲ್), ಜೊತೆಗೆ ಸಣ್ಣ ತೋಟಾದ .22 ಎಲ್‌ಆರ್ ಬೋಲ್ಟ್.

ಮಡಿಕೇರಿ_ಜೋಡಿನಳಿಗೆ:
.22 ಯಾಕೆ ಸಾರ್? 12 ಬೋರ್ ಒಂದಿದ್ರೆ ಹಕ್ಕಿಗೆ 6ನೇ ನಂಬರ್ ಚರೆ, ದೊಡ್ಡದಕ್ಕೆ ಸ್ಲಗ್ (ಒಂಟಿ ದಪ್ಪ ಗುಂಡು). ತೋಟಾ ಬದಲಾಯಿಸಿದ್ರೆ ಕೋವಿಯೇ ಬದಲಾದ ಹಾಗೆ. ಹಾರೋ ಬಾತುಕೋಳಿಗೆ .22 ಹೊಡೀತೀರಾ?

ಬಡಗಣ_ಗಾಳಿ:
ತೂಕ ಲೆಕ್ಕ ಹಾಕ್ರಿ ಅಣ್ಣಾರ. .22 ತೋಟಾ ಒಂದಕ್ಕ 3.3 ಗ್ರಾಂ. 500 ತಗೊಂಡ್ರ 1.7 ಕೆ.ಜಿ. 12 ಬೋರಿನ ಚರೆ ತೋಟಾ ಒಂದಕ್ಕ 45 ಗ್ರಾಂ ಹತ್ರ. 500ಕ್ಕ 22 ಕೆ.ಜಿ. ದಾಟ್ತೈತಿ. ಸಣ್ಣ ವಿಮಾನದಾಗ, ಸ್ಲೆಡ್ಡಿನಾಗ ಸಾಮಾನು ಹೊರಾವ್ರಿಗೆ ಇದು ಸಣ್ಣ ಮಾತಲ್ಲ. ಮ್ಯಾಲೆ ಗ್ರೌಸ್ ಹಕ್ಕಿ ಅರ್ಧ ಕೆ.ಜಿ.ದ್ದು, ಸ್ಪ್ರೂಸ್ ಟೊಂಗಿ ಮ್ಯಾಲೆ 15 ಮೀಟರಿಗೆ ಸುಮ್ನ ಕುಂತಿರ್ತೈತಿ. ಅದಕ್ಕ 12 ಬೋರ್ ಹೊಡದ್ರ ಎದಿ ಮಾಂಸದಾಗ ಚರೆ ಆರಿಸ್ಕೋತ ಕುಂದರೂದು. .22ದಾಗ ತಲಿಗೆ ಒಂದು, ಮುಗೀತು.
ಖರೇ ಹೇಳಬೇಕಂದ್ರ ಮೊಲದ ಮ್ಯಾಲೆ ಭಾಳ ನಂಬಿಕಿ ಇಡಬ್ಯಾಡ್ರಿ. ಸ್ನೋಶೂ ಮೊಲದ ಸಂಖ್ಯೆ ಸುಮಾರು ಹತ್ತು ವರ್ಷಕ್ಕೊಮ್ಮೆ ಏರಿ ಕುಸೀತೈತಿ. ಇದ್ದಾಗೂ ಅದರಾಗ ಕೊಬ್ಬಿಲ್ಲ. ಬರೇ ಅದನ್ನ ತಿಂದ್ರ ಹೊಟ್ಟಿ ತುಂಬಿ ಮೈ ಸೊರಗತೈತಿ.

ಮಡಿಕೇರಿ_ಜೋಡಿನಳಿಗೆ:
ತೂಕ ಒಪ್ಪಿದೆ. ಕರಡಿಗೆ? ಹತ್ತು ಮೀಟರಿಗೆ 12 ಬೋರಿನ ಸ್ಲಗ್‌ಗಿಂತ ದೊಡ್ಡ ತೂತು ಯಾವುದು ಮಾಡುತ್ತೆ?

ತೋಟಾಪೆಟ್ಟಿಗೆ:
ತೂತು ದೊಡ್ಡದು, ಆಳ ಇಲ್ಲ. ಮಾಮೂಲಿ ಸ್ಲಗ್ ಮೆತ್ತನೆ ಸೀಸ. ಭುಜದ ಮೂಳೆಗೆ ಬಡಿದ್ರೆ ಚಪ್ಪಟೆಯಾಗಿ ಅಲ್ಲೇ ನಿಂತುಬಿಡಬಹುದು. ಅಮೆರಿಕದ ಅರಣ್ಯ ಇಲಾಖೆಯವರು ಅಲಾಸ್ಕಾ ಕರಡಿ ರಕ್ಷಣೆಗೆ ಅಂತಲೇ ಹತ್ತಿರದ ದೂರದಲ್ಲಿ ಗುಂಡುಗಳನ್ನ ಪರೀಕ್ಷಿಸಿ 1983ರಲ್ಲಿ ವರದಿ ಕೊಟ್ಟಿದ್ದಾರೆ. .458, .375, .338 ಮ್ಯಾಗ್ನಮ್‌ಗಳು ಮುಂದಿದ್ದವು, ಸರಿ. ಅವುಗಳ ಹಿಂದೆಯೇ ಇದ್ದದ್ದು .30-06ರ 220 ಗ್ರೇನ್ ಗುಂಡು. ಸ್ಲಗ್ ಅದಕ್ಕಿಂತ ಕೆಳಗೆ. 12 ಬೋರೇ ಬೇಕು ಅಂದ್ರೆ ಬ್ರೆನೆಕೆ ಥರದ ಗಟ್ಟಿ ಸೀಸದ ಸ್ಲಗ್ ತಗೊಳ್ಳಿ. ಬಕ್‌ಶಾಟ್ (ದಪ್ಪ ಚರೆ) ಕರಡಿಗೆ ಬೇಡವೇ ಬೇಡ.
ಪಂಪಿನ ಇನ್ನೊಂದು ರೋಗ: ಗಾಬರಿಯಲ್ಲಿ ಪೂರ್ತಿ ಹಿಂದಕ್ಕೆ ಎಳೆಯದೆ ಮುಂದಕ್ಕೆ ತಳ್ಳೋದು. ಖಾಲಿ ತೋಟಾ ಹೊರಗೆ ಬಿದ್ದಿರಲ್ಲ, ಅಥವಾ ಹೊಸದು ಮೇಲಕ್ಕೆ ಬಂದಿರಲ್ಲ. ದಪ್ಪ ಕೈಗವಸಿನಲ್ಲಿ ಇದು ಇನ್ನೂ ಜಾಸ್ತಿ.

ಟ್ರೋಮ್ಸೋ_ಭಟ್ಟ:
ಮಾರಾಯ್ರೆ, ಒಂದು ವಿಷಯ ಎಲ್ಲರೂ ಮರೆತಿದ್ದೀರಿ. ಯೂಕಾನಿನ ಗ್ರಿಜ್ಲಿ (ಅಲ್ಲಿಯ ಕಂದು ಕರಡಿ) ನವೆಂಬರಿನಿಂದ ಹೆಚ್ಚುಕಡಿಮೆ ಏಪ್ರಿಲ್‌ವರೆಗೆ ಗುಹೆಯಲ್ಲಿ ನಿದ್ದೆ ಮಾಡ್ತದೆ. ಮೈನಸ್ 40 ಇರುವಾಗ ಕರಡಿ ಇಲ್ಲ, ಕರಡಿ ಇರುವಾಗ ಮೈನಸ್ 40 ಇಲ್ಲ. ಹಾಗಾಗಿ "ಚಳಿಯಲ್ಲಿ ಕರಡಿಗೆ ಯಾವ ಕೋವಿ" ಎಂಬುದು ಅಲ್ಲಿ ಹೆಚ್ಚಾಗಿ ಕಾಲ್ಪನಿಕ ಪ್ರಶ್ನೆ. ಆ ಪ್ರಶ್ನೆ ನಿಜವಾಗಿ ಇರುವುದು ಹಿಮಕರಡಿ ಇರುವಲ್ಲಿ. ನಾರ್ವೆಯ ಉತ್ತರದ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಊರು ಬಿಟ್ಟು ಹೋಗುವವರ ಹತ್ತಿರ ಕರಡಿಯನ್ನು ಓಡಿಸುವ ಸಾಧನ ಇರಲೇಬೇಕು. ಮೊದಲು ಫ್ಲೇರ್ ಪಿಸ್ತೂಲು, ಕೊನೆಗೆ ರೈಫಲ್. ಆ ರೈಫಲಿಗೆ ಅಲ್ಲಿ ಹೇಳುವ ಕನಿಷ್ಠ ಅಳತೆ .308 ಅಥವಾ .30-06. ಗ್ರೀನ್‌ಲ್ಯಾಂಡಿನಲ್ಲಿ ನಾಯಿಗಾಡಿ ಕಟ್ಟಿಕೊಂಡು ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ಪಡೆ ಮೊದಲ ಮಹಾಯುದ್ಧದ ಕಾಲದ ಎಂ1917 ಬೋಲ್ಟ್ ರೈಫಲನ್ನೇ ಇಟ್ಟುಕೊಂಡದ್ದು. ಅದೂ .30-06. .375 ಇಲ್ಲದೆ ಅವರ ಕೆಲಸ ನಿಂತಿಲ್ಲ.
ಬೇಸಿಗೆಗೆ ಕರಡಿ ಸ್ಪ್ರೇ (ಕರಡಿಯ ಮುಖಕ್ಕೆ ಖಾರ ಚಿಮ್ಮುವ ಡಬ್ಬಿ) ಇಬ್ಬರಿಗೂ ಒಂದೊಂದು, ಸೊಂಟದಲ್ಲಿ. ಚೀಲದೊಳಗಲ್ಲ. ಅಲಾಸ್ಕಾದ ಘಟನೆಗಳನ್ನು ಒಟ್ಟುಮಾಡಿ 2008ರಲ್ಲಿ ಬಂದ ಅಧ್ಯಯನದಲ್ಲಿ ಸ್ಪ್ರೇ ಕಂದು ಕರಡಿಯನ್ನು 92 ಶೇಕಡಾ ಸಲ ತಡೆದಿತ್ತು.

ಮಡಿಕೇರಿ_ಜೋಡಿನಳಿಗೆ:
ಆ 92ನ್ನ ಕೋವಿಯ ಅಂಕಿಗೆ ಪಕ್ಕದಲ್ಲಿಟ್ಟು ನೋಡೋದು ತಪ್ಪು ಭಟ್ರೆ. ಕುತೂಹಲಕ್ಕೆ ಹತ್ತಿರ ಬಂದ ಕರಡಿಯೂ ಆ ಲೆಕ್ಕದಲ್ಲಿ ಸೇರಿದೆ, ನುಗ್ಗಿ ಬಂದದ್ದು ಮಾತ್ರ ಅಲ್ಲ. ಎದುರುಗಾಳಿ ಇದ್ರೆ ಖಾರ ನಮ್ಮ ಕಣ್ಣಿಗೇ. ಶರತ್ಕಾಲದ ಕೊನೆಗೆ ಹಿಮ ಬಿದ್ದ ಮೇಲೆ ಡಬ್ಬಿಯ ಒತ್ತಡ ಇಳಿದು ದೂರ ಹೋಗಲ್ಲ, ಕೋಟಿನೊಳಗೆ ಬೆಚ್ಚಗಿಟ್ಟುಕೊಳ್ಳಬೇಕು.

ಟ್ರೋಮ್ಸೋ_ಭಟ್ಟ:
ಅದು ಸರಿ. ಆದರೂ ಮೂಸ್ ಕೊಯ್ಯುವಾಗ ಎರಡೂ ಕೈ ರಕ್ತ, ರೈಫಲ್ ಮರಕ್ಕೆ ಒರಗಿಸಿದೆ. ಆಗ ಸೊಂಟದಲ್ಲಿರುವುದು ಸ್ಪ್ರೇ ಮಾತ್ರ.

ಗುಜರಿ_ರಿಪೇರಿ:
ಯಾವ ಕೋವಿ ಅನ್ನೋ ಜಗಳ ಮುಗಿದಿದ್ರೆ, ಕೊಂಡ ಕೋವಿ ಚಳಿಯಲ್ಲಿ ಈಡಾಗುತ್ತಾ ಅಂತ ನೋಡೋಣ. ಯೂಕಾನಿನ ಸ್ನ್ಯಾಗ್‌ನಲ್ಲಿ 1947ರ ಫೆಬ್ರವರಿ 3ಕ್ಕೆ ಮೈನಸ್ 63 ದಾಖಲಾಗಿದೆ. ಅಷ್ಟು ಬೇಡ, ಮೈನಸ್ 30ಕ್ಕೇ ಮಾಮೂಲಿ ಎಣ್ಣೆ ಜೇನಿನಷ್ಟು ಮಂದ. ಮಳೆಗಾಲಕ್ಕೆ ಕೋವಿಗೆ ಧಾರಾಳ ಎಣ್ಣೆ ಹಚ್ಚಿಡೋ ನಮ್ಮ ಮಲೆನಾಡು, ಕೊಡಗಿನ ರೂಢಿ ಅಲ್ಲಿ ಪೂರಾ ಉಲ್ಟಾ. (ತೆಂಗಿನೆಣ್ಣೆಯ ಮಾತು ಬೇಡ, ಅದು 24 ಡಿಗ್ರಿಗೇ ಹೆಪ್ಪುಗಟ್ಟುತ್ತೆ.)
ಚಳಿಗಾಲಕ್ಕೆ ಮುಂಚೆ ಬೋಲ್ಟ್ ಹೊರಗೆ ತೆಗೀರಿ. ಬಿಚ್ಚಿ ಫೈರಿಂಗ್ ಪಿನ್, ಅದರ ಸ್ಪ್ರಿಂಗ್, ಬೋಲ್ಟಿನ ಒಳಗಿನ ಕೊಳವೆ ಮೂರನ್ನೂ ಕ್ಯಾಂಪ್ ಸ್ಟವ್‌ಗೆ ಹಾಕೋ ನ್ಯಾಫ್ತಾದಲ್ಲಿ ತೊಳೀರಿ. ಮನೆಯೊಳಗೆ ಸೌದೆ ಒಲೆ ಪಕ್ಕ ಅಲ್ಲ, ಹೊರಗೆ. ಒಣಗಿಸಿ, ಹಾಗೇ ಒಣದಾಗಿ ಜೋಡಿಸಿ, ಬೇಕಿದ್ರೆ ಗ್ರಾಫೈಟ್ ಪುಡಿ ಚಿಟಿಕೆಯಷ್ಟು. ಎಣ್ಣೆ ಉಳಿದ್ರೆ ಪಿನ್ ನಿಧಾನಕ್ಕೆ ಓಡಿ ಕೇಪಿನ ಮೇಲೆ ಚುಕ್ಕೆಯಷ್ಟು ಗುರುತು ಮಾಡುತ್ತೆ, ಈಡಾಗಲ್ಲ. ಟ್ರಿಗರ್ ಪೆಟ್ಟಿಗೆಗೆ ಎಣ್ಣೆ ಸುರಿಯೋದು ಇನ್ನೂ ಅಪಾಯ: ಅಂಟಾಗಿ ಸಿಯರ್ (ಪಿನ್ನನ್ನ ತಡೆದು ನಿಲ್ಲಿಸೋ ಕೊಕ್ಕೆ) ಪೂರ್ತಿ ಹಿಡಿಯಲ್ಲ, ಬೋಲ್ಟ್ ಮುಚ್ಚುವಾಗಲೇ ಈಡಾಗಬಹುದು.
ಇದಕ್ಕಿಂತ ಹೆಚ್ಚು ಕೋವಿ ಕೆಡಿಸೋದು ಬೆಚ್ಚನೆ ಮನೆ. ಮೈನಸ್ 30ರಿಂದ ಒಳಗೆ ತಂದ ಕೂಡಲೇ ಲೋಹದ ಮೇಲೆ, ಒಳಗೆ, ಸ್ಕೋಪಿನ ಗಾಜಿನ ಮೇಲೆ ನೀರು ಇಳಿಯುತ್ತೆ. ಮತ್ತೆ ಹೊರಗೆ ಹೋದ್ರೆ ಅದೇ ನೀರು ಮಂಜುಗಡ್ಡೆ, ಪಿನ್ ಜಾಮ್. ದಿನಾ ಬಳಸೋದಾದ್ರೆ ಕೋವಿಯನ್ನ ಬೆಂಕಿ ಕಾಯಿಸದ ಜಗಲಿ ಕೋಣೆಯಲ್ಲೇ ಇಡಿ. ಒಳಗೆ ತರಲೇಬೇಕಾದ್ರೆ ಹೊರಗಿನ ಚಳಿಯಲ್ಲೇ ಚೀಲಕ್ಕೆ ಹಾಕಿ ಜಿಪ್ ಮುಚ್ಚಿ, ಆಮೇಲೆ ಒಳಗೆ ತಂದು ಕೆಲವು ಗಂಟೆ ಮುಟ್ಟಬೇಡಿ.
ನಳಿಗೆಯ ಬಾಯಿಗೆ ಒಂದೇ ಪದರ ಇನ್ಸುಲೇಶನ್ ಟೇಪ್. ಸ್ನೋಮೊಬೈಲಿನಿಂದ ಬಿದ್ರೆ ನಳಿಗೆಯೊಳಗೆ ಹಿಮ ತುಂಬುತ್ತೆ, ನೋಡದೆ ಹೊಡೆದ್ರೆ ನಳಿಗೆ ಉಬ್ಬುತ್ತೆ ಅಥವಾ ಸೀಳುತ್ತೆ. ಟೇಪನ್ನ ಹಾಗೇ ಬಿಟ್ಟು ಹೊಡೀಬಹುದು, ಗುರಿ ಬದಲಾಗಲ್ಲ.

ಬಡಗಣ_ಗಾಳಿ:
ಹಿಡಿ (ಹೆಗಲಿಗೆ ಒತ್ತೂ ಹಿಂದಿನ ಭಾಗ) ಉದ್ದದ ಮಾತೂ ಹೇಳ್ರಿ. ಟೀ ಶರ್ಟಿನಾಗ ಸರಿ ಅನ್ನಿಸಿದ ಬಂದೂಕು ದಪ್ಪ ಪಾರ್ಕಾ ಹಾಕ್ಕೊಂಡ್ರ ಅರ್ಧದಿಂದ ಒಂದು ಇಂಚು ಉದ್ದ ಆಗ್ತೈತಿ, ಬಗಲಾಗ ಸಿಕ್ಕೋತೈತಿ. ಸ್ಪೇಸರ್ (ಹಿಡಿ ಉದ್ದ ಮಾಡೂ ತುಂಡು) ತಗೀಲಿಕ್ಕೆ ಬರೂವಂಥ ಹಿಡಿ ನೋಡ್ರಿ. ಹಿಡಿ ಸಿಂಥೆಟಿಕ್ ಇಲ್ಲಾ ಲ್ಯಾಮಿನೇಟ್ (ಪದರ ಅಂಟಿಸಿದ ಕಟ್ಟಿಗಿ). ಬರೇ ಕಟ್ಟಿಗಿದ್ದು ನೀರು ಕುಡದು ಉಬ್ಬಿ ನಳಿಗಿ ಒತ್ತಿದ್ರ ಗುರಿ ತಪ್ಪತೈತಿ. ಕೆನಡಿಯನ್ ರೇಂಜರ್ಸ್ (ದೂರದ ಪ್ರದೇಶ ಕಾಯೂ ಸೈನ್ಯದ ಪಡೆ) ನೋಡ್ರಿ, 1947ರಿಂದ ಲೀ-ಎನ್‌ಫೀಲ್ಡ್ .303 ಹಿಡಕೊಂಡಿದ್ರು. ಈಗ ಟಿಕ್ಕಾ ಟಿ3ಎಕ್ಸ್ ರೈಫಲ್ ಆಧಾರದ ಸಿ19, .308. ಕೆಂಪು ಲ್ಯಾಮಿನೇಟ್ ಹಿಡಿ, ಕೈಗವಸು ಹೋಗೂವಷ್ಟು ದೊಡ್ಡ ಟ್ರಿಗರ್ ಗಾರ್ಡ್, ದೊಡ್ಡ ಬೋಲ್ಟ್ ಗುಂಡಿ. ಅದನ್ನ ನೋಡಿದ್ರ ಏನು ಬೇಕು ಅಂತ ತಿಳೀತೈತಿ.

ಹೊಸಬ_ಯೂಕಾನ್:
ಚಳಿಗೆ ಗುಂಡಿನ ವೇಗ ಇಳಿಯುತ್ತೆ ಅಂತಾರೆ. ಅದಕ್ಕಾದರೂ .375 ಬೇಡವಾ?

ತೋಟಾಪೆಟ್ಟಿಗೆ:
ಇಳಿಯುತ್ತೆ. ಮದ್ದಿನ ಮೇಲೆ ಹೋಗುತ್ತೆ, ಒರಟು ಲೆಕ್ಕಕ್ಕೆ ಒಂದು ಫ್ಯಾರನ್‌ಹೀಟ್ ಡಿಗ್ರಿಗೆ ಸೆಕೆಂಡಿಗೆ 1 ಅಡಿ. ಜುಲೈನ 20 ಸೆಲ್ಸಿಯಸ್‌ಗೂ ಮೈನಸ್ 40ಕ್ಕೂ 108 ಫ್ಯಾರನ್‌ಹೀಟ್ ಅಂತರ, ಅಂದ್ರೆ ನೂರು ಅಡಿ ಚಿಲ್ಲರೆ. 200 ಗಜದಲ್ಲಿ ಒಂದು ಇಂಚಿನ ಆಸುಪಾಸು ವ್ಯತ್ಯಾಸ, ಮೂಸ್‌ನ ಎದೆಗೂಡಿನ ಮುಂದೆ ಲೆಕ್ಕಕ್ಕಿಲ್ಲ. 180 ಗ್ರೇನ್ ಗುಂಡನ್ನ 100 ಗಜದಲ್ಲಿ 2 ಇಂಚು ಮೇಲೆ ಬೀಳೋ ಹಾಗೆ ಕೂರಿಸಿದ್ರೆ 200ರಲ್ಲಿ ನೇರ, 300ರಲ್ಲಿ 8–9 ಇಂಚು ಕೆಳಗೆ. 300ಕ್ಕೆ ಹೊಡೀಬೇಡಿ, ಹತ್ತಿರ ಹೋಗಿ. ಡಿಸೆಂಬರಿನಲ್ಲಿ ಒಮ್ಮೆ ಹೊರಗೆ ನಿಂತು ಮೂರು ಗುಂಡು ಹಾಕಿ ಮತ್ತೆ ಪರೀಕ್ಷಿಸಿ, ಅಷ್ಟೇ.

ಗುಜರಿ_ರಿಪೇರಿ:
ಮೂಸ್ ನೀರಲ್ಲಿ ನಿಂತಿದ್ರೆ ಟ್ರಿಗರ್ ಮುಟ್ಟಬೇಡಿ. ಎದೆಗೆ ಸರಿಯಾಗಿ ತಗುಲಿದ್ರೂ ಏನೂ ಆಗಿಲ್ಲ ಅನ್ನೋ ಹಾಗೆ ನಿಲ್ಲುತ್ತೆ, ಆಮೇಲೆ ಇನ್ನೂ ಆಳಕ್ಕೆ ನಡೆದು ಅಲ್ಲಿ ಬೀಳುತ್ತೆ. 200 ಕೆ.ಜಿ.ಗೂ ಮೇಲೆ ಮಾಂಸ, ಸೊಂಟದವರೆಗೆ ತಣ್ಣೀರು, ಇಬ್ಬರೇ ಜನ.

ಕಾಯ್ದೆ_ಕನ್ನಡಕ:
ಕಾನೂನಿನ ಎರಡು ಮಾತು. ಪಿಸ್ತೂಲಿನ ಆಸೆ ಬಿಡಿ, 2022ರ ಅಕ್ಟೋಬರ್ 21ರಿಂದ ಕೆನಡಾದಲ್ಲಿ ಸಾಮಾನ್ಯರಿಗೆ ಹೊಸದಾಗಿ ಕೊಳ್ಳುವ ದಾರಿ ಮುಚ್ಚಿದೆ. ಸಂಗ್ರಹದ ನಿಯಮದಲ್ಲಿ ಬೀಗ ಹಾಕಬೇಕು, ತೋಟಾ ಸುಲಭಕ್ಕೆ ಸಿಗದಂತಿಡಬೇಕು ಅಂತಿದೆ. ಬೇಟೆಗೆ ಹೊಂದದಂಥ ಬೇರೆ ಯಾವ ಬಳಕೆಯೂ ಇಲ್ಲದ ದೂರದ ಕಾಡು ಪ್ರದೇಶಕ್ಕೆ ಈ ಎರಡರಿಂದ ವಿನಾಯಿತಿ ಇದೆ. ಆದರೆ ಕೋವಿ ಖಾಲಿಯಾಗಿರಬೇಕು ಅನ್ನೋದಕ್ಕೆ ಅಲ್ಲೂ ವಿನಾಯಿತಿ ಇಲ್ಲ. ಬಾಗಿಲ ಹಿಂದೆ ತೋಟಾ ತುಂಬಿಟ್ಟ ರೈಫಲ್ ಅಪರಾಧವೇ. ಇನ್ನು ಕೊಡವರಿಗೆ ನಮ್ಮಲ್ಲಿರುವ ಲೈಸೆನ್ಸ್ ವಿನಾಯಿತಿ ಕೊಡಗಿನ ಕಾನೂನಿನ ಕಥೆ, ವಿಮಾನ ಹತ್ತಲ್ಲ.

ಮಡಿಕೇರಿ_ಜೋಡಿನಳಿಗೆ:
ಹ್ಹ ಹ್ಹ, ಗೊತ್ತು. ಬಾತುಕೋಳಿ ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಕೊಟ್ಟಿಲ್ಲ.

ತೋಟಾಪೆಟ್ಟಿಗೆ:
ಬಾತುಕೋಳಿ ಬೇಕೇ ಬೇಕು ಅಂದ್ರೆ ಮೂರನೆಯ ಕೋವಿ, ಅಗ್ಗದ ಒಂಟಿ ನಳಿಗೆ ಸಾಕು. ಸೀಸದ ಚರೆ ನೀರುಹಕ್ಕಿಗೆ ಕೆನಡಾದಲ್ಲಿ 1999ರಿಂದ ನಿಷೇಧ, ಸ್ಟೀಲ್ ಥರದ ವಿಷವಿಲ್ಲದ ಚರೆ ಹಾಕಬೇಕು. ಹಳೇ ಕೋವಿಯ ಫುಲ್ ಚೋಕಿನಲ್ಲಿ (ಬಾಯಿ ಕಿರಿದಾದ ನಳಿಗೆಯಲ್ಲಿ) ಸ್ಟೀಲ್ ಹೊಡೀಬೇಡಿ, ನಳಿಗೆ ಬಾಯಿ ಕೆಡುತ್ತೆ.

ಹೊಸಬ_ಯೂಕಾನ್:
.375 ಪಟ್ಟಿಯಿಂದ ಹೋಯ್ತು. .30-06 ಸ್ಟೇನ್‌ಲೆಸ್, ಲ್ಯಾಮಿನೇಟ್ ಹಿಡಿ, 2ರಿಂದ 7 ಪಟ್ಟು ಹಿಗ್ಗಿಸಿ ತೋರಿಸುವ ಸ್ಕೋಪ್. ಜೊತೆಗೆ .22 ಬೋಲ್ಟ್. ಸ್ಪ್ರೇ ಎರಡು. ಪಂಪ್ ಸದ್ಯಕ್ಕೆ ಬೇಡ.

ಗುಜರಿ_ರಿಪೇರಿ:
ಓಪನ್ ಸೈಟ್ (ಸ್ಕೋಪ್ ಇಲ್ಲದೆ ಗುರಿಯಿಡೋಕೆ ನಳಿಗೆ ಮೇಲಿನ ಗುರಿಕಡ್ಡಿ) ಇದೆಯಾ ನೋಡಿ ಕೊಳ್ಳಿ, ಈಗಿನ ಬಹುಪಾಲು ರೈಫಲಿನಲ್ಲಿ ಇರಲ್ಲ. ಸ್ಕೋಪ್ ಮೇಲೆ ಬಿದ್ದು ಒಡೆದ್ರೆ ನಿಮ್ಮ ಹತ್ತಿರ ಇರೋದು .22 ಒಂದೇ.