ಲೀಡ್ಸ್‌ಗೆ ಹೊರಟಿದ್ದೇವೆ, ನಮ್ಮ ಇಂಗ್ಲಿಷ್ ಅಲ್ಲಿ ಎಲ್ಲಿ ಕೈಕೊಡುತ್ತೆ? ಅನುಭವ ಹೇಳಿ

ಕೇಳಿದವರು: ಅರಸೀಕೆರೆ ಹುಡುಗಿ

ಜನವರಿಯಲ್ಲಿ ಮನೆಯವರ ಕೆಲಸಕ್ಕೆ ಇಂಗ್ಲೆಂಡಿನ ಲೀಡ್ಸ್‌ಗೆ ಹೋಗುತ್ತಿದ್ದೇವೆ. ಮಗಳಿಗೆ ಆರು ವರ್ಷ. ನಾವಿಬ್ಬರೂ ಓದಿದ್ದು ಇಂಗ್ಲಿಷ್ ಮೀಡಿಯಂ, ಬೆಂಗಳೂರಿನ ಆಫೀಸಿನಲ್ಲೂ ಅದೇ ಭಾಷೆ. ಆದರೂ ಗೊತ್ತಿರುವ ಪದಕ್ಕೇ ಅಲ್ಲಿ ಬೇರೆ ಅರ್ಥ ಅನ್ನುತ್ತಾರೆ. ಮನೆ, ಅಡುಗೆ, ಸ್ಕೂಲು, ಎಲ್ಲಿ ಎಡವುತ್ತೇವೆ? ಮಗಳಿಗೆ ಈಗಲೇ ಏನಾದರೂ ಹೇಳಿಕೊಡಬೇಕಾ?

ಜರ್ಸಿವಾಸಿ

ಲೀಡ್ಸ್ ನನಗೆ ಗೊತ್ತಿಲ್ಲ, ನಾನಿರುವುದು ನ್ಯೂಜೆರ್ಸಿ. ಮನೆ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಬೆಂಗಳೂರಿನಿಂದಲೇ ಫೋನಿನಲ್ಲಿ ಮನೆ ಗೊತ್ತುಮಾಡಿದೆ. ಹೆಂಡತಿ ಹಗಲೆಲ್ಲ ಒಬ್ಬಳೇ ಇರುತ್ತಾಳೆ, ಕೆಳಗಿನ ಮನೆ ಬೇಡ, ಫಸ್ಟ್ ಫ್ಲೋರ್ ಕೊಡಿ ಅಂದೆ. ಆ ಕಡೆಯವನು ಖುಷಿಯಿಂದ ಒಪ್ಪಿದ. ಬಂದು ನೋಡಿದರೆ ನೆಲಕ್ಕಂಟಿದ ಮನೆ, ಅಡುಗೆಮನೆ ಕಿಟಕಿ ಮುಂದೆ ಕಸದ ಡಬ್ಬಗಳ ಸಾಲು. ಅಮೆರಿಕದಲ್ಲಿ ನೆಲದ ಮಟ್ಟದ್ದೇ ಫಸ್ಟ್ ಫ್ಲೋರ್. ನಮ್ಮ ಫಸ್ಟ್ ಅವರಿಗೆ ಸೆಕೆಂಡ್.

ಲೀಸ್ ಮುರಿಯೋಕೆ ಎರಡು ತಿಂಗಳ ಬಾಡಿಗೆ ದಂಡ, 1,950ರಂತೆ 3,900 ಡಾಲರ್. ಹೊಸ ಮನೆಗೆ ಒಂದೂವರೆ ತಿಂಗಳ ಡೆಪಾಸಿಟ್. ಅರ್ಜಿ ಫೀ ತಲೆಗೆ 50. ಟ್ರಕ್ಕಿಗೆ 180. ಸೋಫಾ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು, ಕಾಲು ಬಿಚ್ಚಿದರೂ ಹೋಗಲಿಲ್ಲ, ಬಂದಷ್ಟಕ್ಕೆ ಮಾರಿದೆ. ಹಳೇ ಡೆಪಾಸಿಟ್‌ನಲ್ಲಿ ಕಾರ್ಪೆಟ್ ತೊಳೆಸಿದ್ದಕ್ಕೆ ಅಂತ 240 ಮುರಿದುಕೊಂಡ. ಚಪ್ಪಲಿ ಬಾಗಿಲಲ್ಲೇ ಬಿಡುವ ಜನ ನಾವು! ಈಗ ನಾನು ಮಹಡಿ ಕೇಳುವುದೇ ಇಲ್ಲ, ಎಷ್ಟು ಮೆಟ್ಟಿಲು ಹತ್ತಬೇಕು ಅಂತ ಕೇಳುತ್ತೇನೆ.

ಹಡರ್ಸ್‌ಫೀಲ್ಡ್ ಅಕ್ಕ

ಅವರು ಹೋಗುತ್ತಿರುವುದು ಬ್ರಿಟನ್‌ಗೆ ಸರ್. ಇಲ್ಲಿ ಮಹಡಿ ಲೆಕ್ಕ ನಮ್ಮೂರಿನ ಥರಾನೇ. ನಿಮ್ಮ ಸೋಫಾ ಕಥೆ ಕಟ್ಟಿಕೊಂಡು ಅವರೇನು ಮಾಡಬೇಕು?

ಲೀಡ್ಸ್ ಇರುವ ಯಾರ್ಕ್‌ಷೈರ್ ಬಗ್ಗೆ ನಾನು ಹೇಳುತ್ತೇನೆ. ಇಲ್ಲಿ ತುಂಬಾ ಜನ ‘ಟೀ’ ಅನ್ನುವುದು ಸಂಜೆಯ ಊಟಕ್ಕೆ. ಮಧ್ಯಾಹ್ನದ್ದು ‘ಡಿನ್ನರ್’. ಪಕ್ಕದ ಮನೆಯವರು ಐದೂವರೆಗೆ ಟೀಗೆ ಕರೆದರು. ನಾವು ಮೂರು ಗಂಟೆಗೆ ಬಿಸಿಬೇಳೆಬಾತ್ ಜಡಿದು, ಒಂದು ಡಬ್ಬಿ ಮೈಸೂರುಪಾಕು ಹಿಡಿದು ಹೋದೆವು. ಟೇಬಲ್ ತುಂಬಾ ಊಟ. ಸಸ್ಯಾಹಾರಿಗಳು ಅಂತ ನಮಗೋಸ್ಕರ ಬೇರೆ ಚೀಸ್ ಪೈ ಮಾಡಿದ್ದರು, ಹಿಸುಕಿದ ಆಲೂಗಡ್ಡೆ, ಬಟಾಣಿ, ಕೊನೆಗೆ ಕಸ್ಟರ್ಡ್. ಮನೆಯವರು ಎರಡು ತುತ್ತಿಗೆ ಕೈಚೆಲ್ಲಿದರು. ಆ ಅಜ್ಜಿಯ ಮುಖ ನೋಡಲಾಗಲಿಲ್ಲ. ಹೊರಡುವ ಮುಂಚೆ ಕಂಪನಿಯವರು ನಮಗೆ ಇಡೀ ದಿನ ಕ್ಲಾಸ್ ಮಾಡಿಸಿದ್ದರು. ಕೈಕುಲುಕುವುದು ಹೇಗೆ ಅಂತ ಒಂದು ಗಂಟೆ ಕೊರೆದ ಆ ಮನುಷ್ಯ ಈ ವಿಷಯ ಎತ್ತಲೇ ಇಲ್ಲ.

ಇನ್ನು ಬನ್. ಹಡರ್ಸ್‌ಫೀಲ್ಡ್ ಕಡೆ ಖಾಲಿ ಬನ್ನಿಗೆ ‘ಟೀಕೇಕ್’ ಅನ್ನುತ್ತಾರೆ. ದಕ್ಷಿಣಕ್ಕೆ ಹೋದರೆ ಟೀಕೇಕ್‌ನಲ್ಲಿ ಒಣದ್ರಾಕ್ಷಿ ಇರುತ್ತೆ. ಲೀಡ್ಸ್‌ನಲ್ಲಿ ‘ಬ್ರೆಡ್‌ಕೇಕ್’ ಕೂಡ ಕಿವಿಗೆ ಬೀಳುತ್ತೆ. ಗುಡ್ಡ ದಾಟಿ ಮ್ಯಾಂಚೆಸ್ಟರ್‌ಗೆ ಹೋದರೆ ‘ಬಾರ್ಮ್’, ಕವೆಂಟ್ರಿಯಲ್ಲಿ ‘ಬ್ಯಾಚ್’. ಎಲ್ಲ ಅದೇ ಬನ್ನು.

ನಾಟಿಂಗ್‌ಹ್ಯಾಮ್ ನಿವಾಸಿ

‘ಕಾಬ್’ ಬಿಟ್ಟಿರಲ್ಲ ಅಕ್ಕ. ಇಲ್ಲಿ ಬೇರೇನಂದರೂ ಅಂಗಡಿಯವನು ಮುಖ ನೋಡುತ್ತಾನೆ.

ಹಡರ್ಸ್‌ಫೀಲ್ಡ್ ಅಕ್ಕ

ಅವರು ನಾಟಿಂಗ್‌ಹ್ಯಾಮ್‌ಗೆ ಬರುತ್ತಿಲ್ಲ.

ರೆಡಿಂಗ್ ರೊಟ್ಟಿ

ಅಡುಗೆ ಅಂದಿದ್ದಕ್ಕೆ ಹೇಳುತ್ತೇನೆ. ನಮ್ಮ ಬಾಡಿಗೆ ಮನೆಯ ಪಟ್ಟಿಯಲ್ಲಿ ಫ್ರಿಜ್, ವಾಷಿಂಗ್ ಮಷೀನ್, ಕುಕ್ಕರ್ ಅಂತ ಇತ್ತು. ಕುಕ್ಕರ್ ಇದೆಯಲ್ಲ ಅಂತ ನಮ್ಮ ಐದು ಲೀಟರಿನದನ್ನು ಅತ್ತಿಗೆಗೆ ಕೊಟ್ಟು ವಿಮಾನ ಹತ್ತಿದೆವು. ಇಲ್ಲಿ ಕುಕ್ಕರ್ ಅಂದರೆ ಒಲೆ ಮತ್ತು ಓವನ್ ಸೇರಿದ ಪೆಟ್ಟಿಗೆ. ಮೇಲಿನ ಒಲೆಗೆ ‘ಹಾಬ್’. ನಮ್ಮದಕ್ಕೆ ‘ಪ್ರೆಷರ್’ ಸೇರಿಸಿಯೇ ಹೇಳಬೇಕು.

64 ಪೌಂಡ್ ಕೊಟ್ಟು ಇಲ್ಲಿನದೊಂದು ತಂದೆ. ಅದು ಕೂಗುವುದೇ ಇಲ್ಲ, ಬುಸ್ ಅಂತ ಹಬೆ ಬಿಡುತ್ತೆ. ಮೂರು ಕೂಗಿಗೆ ಇಳಿಸು ಅಂತ ಅಮ್ಮ ಕಲಿಸಿದ ಲೆಕ್ಕವೆಲ್ಲ ನೀರುಪಾಲು. ತೊಗರಿಬೇಳೆ ಒಂದು ದಿನ ಕಲ್ಲು, ಮರುದಿನ ಗಂಜಿ. ಅಮ್ಮ ಊರಿಂದ 1,900 ರೂಪಾಯಿಯ ಅಲ್ಯೂಮಿನಿಯಂ ಕುಕ್ಕರ್ ಕಳಿಸಿದರು, ಕೊರಿಯರ್‌ಗೇ 5,200. ನಮ್ಮದು ಇಂಡಕ್ಷನ್ ಹಾಬ್, ಅದರ ಮೇಲೆ ಅಲ್ಯೂಮಿನಿಯಂ ಕಾಯುವುದಿಲ್ಲ. ಮೇಲಿಟ್ಟರೆ ಕೆಂಪು ದೀಪ ಮಿಣಮಿಣ ಅಂದು ಆರಿಹೋಯಿತು. ಕೊನೆಗೆ ಲಂಡನ್ನಿನ ಸೌತಾಲ್‌ನಲ್ಲಿ ಸ್ಟೀಲಿನದು, 48 ಪೌಂಡ್. ಗ್ಯಾಸ್ಕೆಟ್ ಮಾತ್ರ ಊರಿಂದ ಬರುವವರ ಕೈಲಿ ತರಿಸುತ್ತೇನೆ. ಹಾಂ, ‘ಕಾಟ್’ ಬೇಕು ಅನ್ನಬೇಡಿ. ನಮ್ಮ ಮಾವನಿಗೆ ಅಂತ ಕೇಳಿದರೆ ಮಗುವಿನ ಕಟಕಟೆ ತೊಟ್ಟಿಲು ತಂದಿಟ್ಟರು.

ಮೇಷ್ಟ್ರು, ಮೈಸೂರು

ಎಲ್ಲರೂ ಅವರ ಮಾತಿಗೆ ತಲೆಬಾಗುವುದನ್ನೇ ಹೇಳುತ್ತಿದ್ದೀರಿ. ನಮ್ಮ ಇಂಗ್ಲಿಷ್ ಏನು ಬೀದಿಯಲ್ಲಿ ಬಿದ್ದಿದೆಯಾ? ‘ಪ್ರೀಪೋನ್’ ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲಿದೆ. ನನ್ನ ಮಗ ಅಮೆರಿಕದ ಕಂಪನಿಯೊಂದರ ಸಂದರ್ಶನದಲ್ಲಿ 2016ರಲ್ಲಿ ‘ಪಾಸ್ಡ್ ಔಟ್’ ಅಂದನಂತೆ. ಪ್ರಜ್ಞೆ ತಪ್ಪಿತ್ತಾ ಅಂತ ನಕ್ಕರಂತೆ. ಸೇನೆಯ ಪಾಸಿಂಗ್ ಔಟ್ ಪೆರೇಡ್ ಬ್ರಿಟಿಷರದೇ ಅಲ್ವಾ? ಇಂಗ್ಲಿಷ್ ಕೆಡಿಸಿದ್ದೇ ಅಮೆರಿಕದವರು. ಶರತ್ಕಾಲಕ್ಕೆ ‘ಫಾಲ್’, ಫುಟ್ಬಾಲಿಗೆ ‘ಸಾಕರ್’!

ಜರ್ಸಿವಾಸಿ

ಮೇಷ್ಟ್ರೇ, ‘ಸಾಕರ್’ ಹುಟ್ಟಿದ್ದು ಇಂಗ್ಲೆಂಡಿನಲ್ಲೇ. 19ನೇ ಶತಮಾನದ ಕೊನೆಯಲ್ಲಿ ಅಲ್ಲಿನ ವಿದ್ಯಾರ್ಥಿಗಳು ಅಸೋಸಿಯೇಷನ್ ಫುಟ್ಬಾಲ್ ಅನ್ನುವುದನ್ನು ಮೊಟಕು ಮಾಡಿ ಕರೆದ ಹೆಸರು. ‘ಫಾಲ್’ ಕೂಡ ಹಳೇ ಇಂಗ್ಲೆಂಡಿನದೇ, ಅವರು ಬಿಟ್ಟರು, ಇವರು ಇಟ್ಟುಕೊಂಡರು. ‘ಕಲರ್’ನಲ್ಲಿ u ಬಿಟ್ಟ ಸ್ಪೆಲ್ಲಿಂಗ್ ಬಗ್ಗೆ ಬೇಕಾದರೆ ಅಮೆರಿಕದ ವೆಬ್‌ಸ್ಟರ್‌ನ 1828ರ ನಿಘಂಟನ್ನು ಬೈಯಿರಿ. ನಿಮ್ಮ ಮಗನಿಗೆ ‘ಗ್ರಾಜುಯೇಟೆಡ್’ ಅನ್ನಲು ಹೇಳಿ, ಕೆಲಸ ಸಿಗುತ್ತೆ.

ಮೇಷ್ಟ್ರು, ಮೈಸೂರು

ನನ್ನ ಮಗನಿಗೆ ಕೆಲಸ ಇದೆ. ನಿಮ್ಮ ಸೋಫಾದ ಚಿಂತೆ ನೀವು ಮಾಡಿ.

ಗ್ಲಾಸ್ಗೋ ನರ್ಸ್

ಮೇಷ್ಟ್ರಿಗೆ ಖುಷಿಯಾಗುವ ಸುದ್ದಿ. ಎಲ್ಲಿ ವಾಸ ಅಂತ ಕೇಳಲು ನಾವು ‘ವೇರ್ ಡು ಯು ಸ್ಟೇ’ ಅನ್ನುತ್ತೇವಲ್ಲ, ಸ್ಕಾಟ್ಲೆಂಡಿನವರೂ ಹಾಗೇ ಕೇಳುತ್ತಾರೆ. ಹೊಟೇಲಿನಲ್ಲಿ ಇದ್ದೀರಾ ಅಂತ ನನ್ನನ್ನು ನೋಡಿ ನಕ್ಕಿದ್ದು ಲಂಡನ್ನಿನವರು. ಇಲ್ಲಿ ಅಂಗಡಿಯಿಂದ ಸಾಮಾನು ತರುವುದಕ್ಕೆ ‘ಮೆಸೇಜಸ್’. ನನ್ನ ರೋಗಿಯೊಬ್ಬರು ಮೆಸೇಜಸ್‌ಗೆ ಹೋಗಬೇಕು, ಬೇಗ ಬಿಡಿ ಅಂದಾಗ ನಾನು ಅವರ ಫೋನು ತಂದುಕೊಟ್ಟೆ.

ಸರ್ಜರಿ ಅಂದರೆ ಹೆದರಬೇಡಿ, ಅದು ಡಾಕ್ಟರ ಕ್ಲಿನಿಕ್ಕು. ಅಮೆರಿಕದಿಂದ ಬಂದ ನೆಂಟರ ಮಾತ್ರೆ ನುಂಗುವ ಮುಂಚೆ ಮಾತ್ರ ಡಬ್ಬಿ ಓದಿ. ನಮ್ಮ ಪ್ಯಾರಾಸಿಟಮಾಲ್‌ಗೇ ಅಲ್ಲಿ ಅಸಿಟಮಿನೋಫೆನ್ ಅಂತ ಹೆಸರು. ಎರಡೂ ಬೇರೆ ಅಂದುಕೊಂಡು ಸೇರಿಸಿ ನುಂಗಿದರೆ ಲಿವರ್‌ಗೆ ಪೆಟ್ಟು. ನೆಗಡಿ ಔಷಧಿಯೊಳಗೂ ಅದು ಸೇರಿರುತ್ತೆ. ಇದು ನಗುವ ವಿಷಯ ಅಲ್ಲ.

ಮೆಲ್ಬರ್ನ್ ಅಮ್ಮ

ನೀವೆಲ್ಲ ಪುಣ್ಯವಂತರು. ಆಸ್ಟ್ರೇಲಿಯಾಕ್ಕೆ ಬಂದು ನೋಡಿ. ‘ಬ್ರಿಂಗ್ ಎ ಪ್ಲೇಟ್’ ಅಂದರು ಅಂತ ಆರು ಸ್ಟೀಲ್ ತಟ್ಟೆ ತೊಳೆದು ಒರೆಸಿ ಒಯ್ದೆ. ತಟ್ಟೆ ತುಂಬಾ ತಿಂಡಿ ಮಾಡಿಕೊಂಡು ಬನ್ನಿ ಅಂತ ಅದರ ಅರ್ಥ. ‘ಥಾಂಗ್ಸ್’ ಅಂದರೆ ಹವಾಯಿ ಚಪ್ಪಲಿ, ಬೇರೆ ಕಡೆ ಅದು ಒಳಉಡುಪು, ಆ ಪದ ಬಾಯಿಬಿಟ್ಟು ಹೇಳಬೇಡಿ. ಅಂಗಡಿಯಲ್ಲಿ ‘ಮ್ಯಾಂಚೆಸ್ಟರ್’ ಅಂತ ಬೋರ್ಡಿದ್ದರೆ ಅಲ್ಲಿ ಬೆಡ್‌ಶೀಟು, ಟವೆಲ್ಲು. ಒಂದೇ ಸಮಾಧಾನ, ದಪ್ಪ ಮೆಣಸಿನಕಾಯಿ ಇಲ್ಲೂ ಕ್ಯಾಪ್ಸಿಕಂ. ಆಲೂಗಡ್ಡೆ ಬಿಲ್ಲೆಯನ್ನು ಹಿಟ್ಟಲ್ಲಿ ಅದ್ದಿ ಕರಿದದ್ದು, ನಮ್ಮ ಬಜ್ಜಿ ಅನ್ನಿ, ಅದಕ್ಕೆ ‘ಪೊಟೇಟೊ ಕೇಕ್’.

ಸಿಡ್ನಿ ಸೀಮೆ

ಪೊಟೇಟೊ ಕೇಕ್ ನಿಮ್ಮ ವಿಕ್ಟೋರಿಯಾದಲ್ಲಿ. ಇಲ್ಲಿ ‘ಪೊಟೇಟೊ ಸ್ಕ್ಯಾಲಪ್’, ಅದೇ ಸರಿ.

ಮೆಲ್ಬರ್ನ್ ಅಮ್ಮ

ಸ್ಕ್ಯಾಲಪ್ ಅಂದರೆ ಚಿಪ್ಪಿನೊಳಗಿನ ಪ್ರಾಣಿ. ನಮ್ಮತ್ತೆ ಏಕಾದಶಿ ಮಾಡುವವರು, ಸಿಡ್ನಿಯಲ್ಲಿ ಆ ಬೋರ್ಡ್ ಓದಿ ಹೇಳಿದ್ದಕ್ಕೆ ಅಂಗಡಿಯೊಳಗೆ ಕಾಲಿಡಲಿಲ್ಲ. ಬಜ್ಜಿಗೆ ಮೀನಿನ ಹೆಸರಿಡುವ ಊರು.

ಅರಸೀಕೆರೆ ಹುಡುಗಿ

ಎಲ್ಲರಿಗೂ ಥ್ಯಾಂಕ್ಸ್. ಸ್ಕೂಲಿನ ಬಗ್ಗೆ ಯಾರೂ ಹೇಳಲಿಲ್ಲ...

ಹಡರ್ಸ್‌ಫೀಲ್ಡ್ ಅಕ್ಕ

‘ಪ್ಯಾಂಟ್ಸ್’ ಅಂದರೆ ಒಳಚಡ್ಡಿ, ಮೇಲಿನದು ‘ಟ್ರೌಸರ್ಸ್’. ಸ್ವೆಟರ್ ‘ಜಂಪರ್’, ಆಟದ ಶೂ ‘ಪಂಪ್ಸ್’. ಇಷ್ಟು ಸಾಕು. ಮಕ್ಕಳು ಬೇಗ ಕಲಿಯುತ್ತವೆ, ಆಮೇಲೆ ನಿಮ್ಮನ್ನೇ ತಿದ್ದುತ್ತವೆ. ಟೀ ವಿಷಯ ಮಾತ್ರ ಮರೆಯಬೇಡಿ, ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಿ.

ಸಿಡ್ನಿ ಸೀಮೆ

ಮೆಲ್ಬರ್ನ್ ಅಮ್ಮನವರೇ, ಬಜ್ಜಿ ಬಿಡಿ. ಇಲ್ಲಿನ ಇಂಡಿಯನ್ ಏರಿಯಾ ಹ್ಯಾರಿಸ್ ಪಾರ್ಕ್‌ಗೆ ಬಂದು ಒಂದು ಮಸಾಲೆ ದೋಸೆ ತಿನ್ನಿ, ಆಮೇಲೆ ನಿಮ್ಮ ಕಡೆಯ ಡ್ಯಾಂಡಿನಾಂಗ್ ಹೊಟೇಲುಗಳ ಬಗ್ಗೆ ಮಾತಾಡೋಣ.

ಮೆಲ್ಬರ್ನ್ ಅಮ್ಮ

ತಿಂದಿದ್ದೇನೆ. ಒಳಗೆ ಕೆಂಪು ಚಟ್ನಿಯೇ ಸವರಿರಲಿಲ್ಲ. ಅದಕ್ಕೆ 19 ಡಾಲರ್ ಬೇರೆ.

ಜರ್ಸಿವಾಸಿ

ಇಬ್ಬರೂ ನಮ್ಮ ನ್ಯೂಜೆರ್ಸಿಯ ಎಡಿಸನ್‌ಗೆ ಬನ್ನಿ, ಓಕ್ ಟ್ರೀ ರೋಡ್. ಶನಿವಾರ ಮಾತ್ರ ಬೇಡ, ಪಾರ್ಕಿಂಗ್ ಸಿಗುವುದಿಲ್ಲ.